ಪೋರ್ಟ್ ಆಫ್ ಸ್ಪೇನ್‌ನಲ್ಲಿ ಒಂದು ದಿನ ಸಿಕ್ಕರೆ ಸೇಂಟ್ ಜೇಮ್ಸ್ ಕಡೆ ನಡೆಯಿರಿ

ಟ್ರಿನಿಡಾಡ್‌ಗೆ ಹೋಗುತ್ತೇನೆ ಅಂದರೆ ನಮ್ಮ ಕಡೆ ಜನ ಎರಡೇ ಪ್ರಶ್ನೆ ಕೇಳುತ್ತಾರೆ. ಬ್ರಯಾನ್ ಲಾರಾ ಊರು ಅಲ್ವಾ? ಬೀಚ್ ಚೆನ್ನಾಗಿದೆಯಾ? ಮೊದಲನೆಯದಕ್ಕೆ ಹೌದು. ಎರಡನೆಯದಕ್ಕೆ ಉತ್ತರ ಸ್ವಲ್ಪ ಕಷ್ಟ. ರಾಜಧಾನಿ ಪೋರ್ಟ್ ಆಫ್ ಸ್ಪೇನ್ ಸಮುದ್ರಕ್ಕೆ ಅಂಟಿಕೊಂಡೇ ಇದೆ, ಆದರೆ ಕಾಲು ನೆನೆಸುವಂಥ ಬೀಚ್ ಅಲ್ಲಿಲ್ಲ. ಇರುವುದು ಬಂದರು, ಗೋದಾಮು, ಹೈವೇ. ಒಳ್ಳೆಯ ಮರಳು ಬೇಕಾದರೆ ಗುಡ್ಡ ಹತ್ತಿಳಿದು ಮರಾಕಸ್‌ಗೆ ಹೋಗಬೇಕು. ಅದಕ್ಕೇ ತುಂಬ ಜನ ರಾಜಧಾನಿಯಲ್ಲಿ ಒಂದು ರಾತ್ರಿ ಮಲಗಿ ಬೆಳಿಗ್ಗೆ ಎದ್ದು ಪಕ್ಕದ ದ್ವೀಪ ಟೊಬೇಗೋ ಕಡೆ ಓಡುತ್ತಾರೆ. ಮೊದಲ ಸಲ ನಾನೂ ಅದನ್ನೇ ಮಾಡಿದ್ದೆ.

ಎರಡನೇ ಸಲ ಕೆಲಸದ ಮೇಲೆ ಮೂರು ವಾರ ಇರಬೇಕಾಗಿ ಬಂತು. ವುಡ್‌ಬ್ರೂಕ್‌ನಲ್ಲಿ ಒಂದು ಗೆಸ್ಟ್‌ಹೌಸ್, ಸಂಜೆ ಆರಕ್ಕೆ ಕೆಲಸ ಮುಗಿದರೆ ಮುಂದೆ ಮಾಡಲು ಏನೂ ಇಲ್ಲ. ಸುಮ್ನೆ ಪಶ್ಚಿಮಕ್ಕೆ ನಡೆಯಲು ಶುರು ಮಾಡಿದೆ. ಹಾಗೆ ಸಿಕ್ಕಿದ್ದು ಸೇಂಟ್ ಜೇಮ್ಸ್. ಈ ಊರಲ್ಲಿ ಒಂದೇ ಬಡಾವಣೆ ನೋಡಲು ಸಮಯ ಇರುವವರಿಗೆ ನಾನು ಅದನ್ನೇ ಹೇಳುತ್ತೇನೆ. ಹೇಗೆ ಹೋಗಬೇಕು, ಏನು ತಿನ್ನಬೇಕು, ಎಲ್ಲಿ ಹುಷಾರಾಗಿರಬೇಕು ಅನ್ನುವುದನ್ನು ನನಗೆ ಗೊತ್ತಿರುವಷ್ಟು ಬರೆದಿದ್ದೇನೆ.

ಹೊರಡುವ ಮುಂಚೆ

ಭಾರತದಿಂದ ನೇರ ವಿಮಾನ ಇಲ್ಲ. ಲಂಡನ್, ಆಮ್‌ಸ್ಟರ್‌ಡ್ಯಾಮ್, ಟೊರಾಂಟೋ, ನ್ಯೂಯಾರ್ಕ್, ಮಯಾಮಿ, ಹೀಗೆ ಎಲ್ಲೋ ಒಂದು ಕಡೆ ಇಳಿದು ಹತ್ತಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ಊರು ನೋಡಲು ಹೋದರೆ 90 ದಿನದವರೆಗೆ ಟ್ರಿನಿಡಾಡ್ ವೀಸಾ ಕೇಳುವುದಿಲ್ಲ. ಆದರೆ ಇಂಥ ನಿಯಮ ಯಾವಾಗ ಬೇಕಾದರೂ ಬದಲಾಗಬಹುದು, ಟಿಕೆಟ್ ಮಾಡಿಸುವ ಮುಂಚೆ ದೆಹಲಿಯಲ್ಲಿರುವ ಅವರ ಹೈಕಮಿಷನ್ ಹತ್ತಿರ ಒಮ್ಮೆ ವಿಚಾರಿಸಿ. ನಿಜವಾದ ತಲೆನೋವು ದಾರಿಯ ವೀಸಾ. ಅಮೆರಿಕ ಮೂಲಕ ಹೋದರೆ ಬರೀ ವಿಮಾನ ಬದಲಿಸುವುದಕ್ಕೂ ಅಮೆರಿಕದ ವೀಸಾ ಬೇಕು. ಅಗ್ಗ ಅಂತ ಟಿಕೆಟ್ ತೆಗೆದುಕೊಂಡು ಆಮೇಲೆ ಒದ್ದಾಡಬೇಡಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. ಹಳದಿ ಜ್ವರ ಇರುವ ದೇಶಗಳ ಪಟ್ಟಿಯಲ್ಲಿ ಭಾರತ ಸರ್ಕಾರ ಟ್ರಿನಿಡಾಡನ್ನೂ ಸೇರಿಸಿದೆ. ಅಂದರೆ ಹೋಗುವಾಗ ಯಾರೂ ಕೇಳದಿದ್ದರೂ ವಾಪಸ್ ಬರುವಾಗ ನಮ್ಮ ಏರ್‌ಪೋರ್ಟ್‌ನಲ್ಲೇ ಲಸಿಕೆ ಕಾರ್ಡ್ ಕೇಳುತ್ತಾರೆ, ಇಲ್ಲದಿದ್ದರೆ ಕ್ವಾರಂಟೈನ್‌ನಲ್ಲಿ ಕೂರಿಸಬಹುದು. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು, ಬೆಂಗಳೂರಿನಲ್ಲೂ ಇದೆ. ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿಕೊಂಡಿರಬೇಕು, ಯಾಕೆಂದರೆ ಕಾರ್ಡ್‌ಗೆ ಬೆಲೆ ಬರುವುದೇ ಹತ್ತು ದಿನದ ಮೇಲೆ.

ಮಿಕ್ಕಿದ್ದು ಚಿಕ್ಕಪುಟ್ಟ ಸಂಗತಿ. ಅಲ್ಲಿಯ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಕರೆಂಟು 115 ವೋಲ್ಟ್, ಅಮೆರಿಕದ ಥರ ಚಪ್ಪಟೆ ಕಾಲಿನ ಪ್ಲಗ್. ಹಣ ಟಿಟಿ ಡಾಲರ್, ಒಂದು ಅಮೆರಿಕನ್ ಡಾಲರ್‌ಗೆ ಹೆಚ್ಚುಕಮ್ಮಿ 6.75 ಸಿಗುತ್ತದೆ. ಜನವರಿಯಿಂದ ಮೇ ತನಕ ಒಣಹವೆ, ಜೂನ್ ನಂತರ ಮಳೆ. ಸೈನಿಕರ ಥರ ಹಸಿರು ಮಚ್ಚೆ ಮಚ್ಚೆಯ ಬಟ್ಟೆ ಮಾತ್ರ ತೆಗೆದುಕೊಂಡು ಹೋಗಬೇಡಿ. ಪ್ಯಾಂಟ್ ಆಗಲಿ, ಟೋಪಿ ಆಗಲಿ, ಮಕ್ಕಳದೇ ಆಗಲಿ, ಸಾಮಾನ್ಯ ಜನ ಅದನ್ನು ಹಾಕುವುದು ಅಲ್ಲಿ ಕಾನೂನಿಗೆ ವಿರುದ್ಧ.

ಉಳಿದುಕೊಳ್ಳಲು ವುಡ್‌ಬ್ರೂಕ್ ಒಳ್ಳೆಯದು. ಗೆಸ್ಟ್‌ಹೌಸ್ ಜಾಸ್ತಿ, ಊಟದ ಜಾಗ ಹತ್ತಿರ, ಸೇಂಟ್ ಜೇಮ್ಸ್‌ಗೆ ನಡೆದೇ ಹೋಗಬಹುದು. ಕಾರ್ನಿವಲ್ ಅನ್ನುವ ಅಲ್ಲಿಯ ದೊಡ್ಡ ಬೀದಿ ಹಬ್ಬದ ವಾರದಲ್ಲಿ ಹೋಗುವುದಾದರೆ ತಿಂಗಳುಗಟ್ಟಲೆ ಮುಂಚೆ ರೂಮು ಹಿಡಿಯಿರಿ, ಆಗ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ.

ಊರೊಳಗೆ ಓಡಾಡುವುದು

ಪಿಯಾರ್ಕೋ ಏರ್‌ಪೋರ್ಟ್ ಊರಿಂದ ಪೂರ್ವಕ್ಕೆ ಸುಮಾರು 27 ಕಿಲೋಮೀಟರ್. ರಾತ್ರಿ ಇಳಿದರೆ ಅರ್ಧ ಗಂಟೆ ದಾರಿ, ಬೆಳಿಗ್ಗೆ ಏಳಕ್ಕೆ ಇಳಿದರೆ ನಮ್ಮ ಸಿಲ್ಕ್ ಬೋರ್ಡ್ ನೆನಪಾಗುತ್ತದೆ. ಮೊದಲ ಸಲ ಹೋದವರು ಏರ್‌ಪೋರ್ಟ್‌ನ ಅಧಿಕೃತ ಟ್ಯಾಕ್ಸಿಯನ್ನೇ ಹಿಡಿಯಿರಿ, ದರಪಟ್ಟಿ ನೋಡಿ, ಹತ್ತುವ ಮುಂಚೆಯೇ ರೇಟು ಖಚಿತ ಮಾಡಿಕೊಳ್ಳಿ. ಗಾಡಿಗಳು ನಮ್ಮ ಹಾಗೇ ಎಡಗಡೆ ಓಡುತ್ತವೆ, ಹಾಗಾಗಿ ರಸ್ತೆ ದಾಟಲು ತೊಂದರೆ ಇಲ್ಲ.

ಊರೊಳಗೆ ಎರಡು ಬಗೆಯ ಸವಾರಿ ಇದೆ. ಒಂದು ಮ್ಯಾಕ್ಸಿ, ಅಂದರೆ ನಮ್ಮ ಕಡೆಯ ಟೆಂಪೋ ಟ್ರಾವೆಲರ್ ಥರದ ವ್ಯಾನು. ಮೈಮೇಲೆ ಬಣ್ಣದ ಪಟ್ಟಿ ಇರುತ್ತದೆ, ಬಣ್ಣ ನೋಡಿ ಯಾವ ದಿಕ್ಕು ಅಂತ ಹೇಳಬಹುದು. ಹಳದಿ ಪಟ್ಟಿ ರಾಜಧಾನಿ ಮತ್ತು ಅದರ ಪಶ್ಚಿಮಕ್ಕೆ, ಕೆಂಪು ಪೂರ್ವಕ್ಕೆ, ಹಸಿರು ದಕ್ಷಿಣಕ್ಕೆ. ನಮಗೆ ಬೇಕಾದದ್ದು ಹಳದಿ. ಇನ್ನೊಂದು ರೂಟ್ ಟ್ಯಾಕ್ಸಿ. ನೋಡಲು ಮಾಮೂಲಿ ಕಾರು, ಆದರೆ ಶೇರ್ ಆಟೋ ಥರ ಒಂದೇ ದಾರಿಯಲ್ಲಿ ಓಡುತ್ತದೆ, ನಾಲ್ಕು ಜನ ತುಂಬುತ್ತಾರೆ, ಎಲ್ಲಿ ಬೇಕೋ ಅಲ್ಲಿ ಇಳಿಸುತ್ತಾರೆ. ರಸ್ತೆ ಬದಿ ನಿಂತು ಹೋಗಬೇಕಾದ ದಿಕ್ಕಿಗೆ ಕೈ ತೋರಿಸಿದರೆ ನಿಲ್ಲಿಸುತ್ತಾರೆ. ಚಿಲ್ಲರೆ ಇಟ್ಟುಕೊಳ್ಳಿ, ನೂರರ ನೋಟು ಕೊಟ್ಟರೆ ಇಲ್ಲಿಯ ಕಂಡಕ್ಟರ್ ನೋಡುವ ಹಾಗೇ ಅಲ್ಲಿಯ ಡ್ರೈವರೂ ನೋಡುತ್ತಾರೆ.

ಹತ್ತುವ ಮುಂಚೆ ನಂಬರ್ ಪ್ಲೇಟ್ ನೋಡಿ. ಬಾಡಿಗೆ ಗಾಡಿ ಆದರೆ ಎಚ್ ಅಕ್ಷರದಿಂದ ಶುರುವಾಗುತ್ತದೆ. ಪಿ ಇದ್ದರೆ ಅದು ಸ್ವಂತ ಕಾರು. ಸ್ವಂತ ಕಾರಲ್ಲಿ ಕದ್ದುಮುಚ್ಚಿ ಬಾಡಿಗೆ ಹೊಡೆಯುವವರನ್ನು ಅಲ್ಲಿ ಪಿಎಚ್ ಅನ್ನುತ್ತಾರೆ, ಸ್ಥಳೀಯರು ದಿನಾ ಹತ್ತುತ್ತಾರೆ, ನಾವು ಹತ್ತಬಾರದು. ನಾನು ಗೊತ್ತಿಲ್ಲದೆ ಒಂದು ಮಳೆ ಸಂಜೆ ಹತ್ತಿದ್ದೆ. ಏನೂ ಆಗಲಿಲ್ಲ, ಆದರೆ ಮಾರನೆಯ ದಿನ ಗೆಸ್ಟ್‌ಹೌಸ್ ಅಜ್ಜಿ ಅರ್ಧ ಗಂಟೆ ಬೈದರು.

ಮಾತಾಡುವ ವಿಷಯ ಒಂದಿದೆ. ಮ್ಯಾಕ್ಸಿ ಹತ್ತಲಿ, ಅಂಗಡಿಗೆ ಹೋಗಲಿ, ದಾರಿ ಕೇಳಲಿ, ಮೊದಲು ಗುಡ್ ಮಾರ್ನಿಂಗ್ ಅನ್ನಬೇಕು. ನೇರವಾಗಿ ವಿಷಯಕ್ಕೆ ಬಂದರೆ ಒರಟ ಅಂದುಕೊಳ್ಳುತ್ತಾರೆ. ಕತ್ತಲಾದ ಮೇಲೆ ಎದುರು ಸಿಕ್ಕವರಿಗೆ ಗುಡ್ ನೈಟ್ ಅನ್ನುತ್ತಾರೆ. ನಮ್ಮಲ್ಲಿ ಅದು ಹೊರಡುವಾಗ ಹೇಳುವ ಮಾತು, ಅವರಿಗೆ ಅದು ನಮಸ್ಕಾರ. ಮೊದಲ ಸಂಜೆ ಅಂಗಡಿಯವರು ಗುಡ್ ನೈಟ್ ಅಂದಾಗ ಬಾಗಿಲು ಹಾಕುತ್ತಿದ್ದಾರೆ ಅಂದುಕೊಂಡು ನಾನು ವಾಪಸ್ ಬಂದಿದ್ದೆ!

ಓವಲ್‌ನಿಂದ ಶುರು ಮಾಡಿ

ನಡಿಗೆ ಶುರು ಮಾಡಬೇಕಾದ ಜಾಗ ಟ್ರಾಗರೆಟ್ ರಸ್ತೆಯ ಕ್ವೀನ್ಸ್ ಪಾರ್ಕ್ ಓವಲ್. ಕ್ರಿಕೆಟ್ ಇಷ್ಟ ಇಲ್ಲದವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು, ಆದರೆ ಕರ್ನಾಟಕದವರಾಗಿ ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ.

ಹಿಂದೆ ಹಸಿರು ಬೆಟ್ಟದ ಸಾಲು, ಮುಂದೆ ಮೈದಾನ, ಸುತ್ತ ದೊಡ್ಡ ಮರಗಳು. 1930ರಿಂದ ಇಲ್ಲಿ ಟೆಸ್ಟ್ ಆಡುತ್ತಿದ್ದಾರೆ. 1971ರ ಮಾರ್ಚ್‌ನಲ್ಲಿ ಭಾರತ ವೆಸ್ಟ್ ಇಂಡೀಸನ್ನು ಟೆಸ್ಟ್‌ನಲ್ಲಿ ಮೊಟ್ಟಮೊದಲ ಸಲ ಸೋಲಿಸಿದ್ದು ಇಲ್ಲೇ. ಗಾವಸ್ಕರ್‌ಗೆ ಅದು ಮೊದಲ ಟೆಸ್ಟ್, ಎರಡೂ ಇನಿಂಗ್ಸ್‌ನಲ್ಲಿ ಅರ್ಧಶತಕ. ಮೊದಲ ಇನಿಂಗ್ಸ್‌ನಲ್ಲಿ ನಮ್ಮ ಪ್ರಸನ್ನ ನಾಲ್ಕು ವಿಕೆಟ್ ಕಿತ್ತಿದ್ದರು.

ಅದಕ್ಕಿಂತ ದೊಡ್ಡದು 1976ರ ಏಪ್ರಿಲ್‌ನದು. ಅಸಲಿಗೆ ಆ ಪಂದ್ಯ ಗಯಾನಾದಲ್ಲಿ ನಡೆಯಬೇಕಿತ್ತು, ಮಳೆ ಅಂತ ಇಲ್ಲಿಗೆ ತಂದರು. ಮೊದಲ ಇನಿಂಗ್ಸ್‌ನಲ್ಲಿ ಚಂದ್ರಶೇಖರ್ 120 ರನ್ ಕೊಟ್ಟು ಆರು ವಿಕೆಟ್ ತೆಗೆದರು. ಕೊನೆಗೆ ಭಾರತದ ಮುಂದೆ ಇಟ್ಟ ಗುರಿ 403. ಅಲ್ಲಿಯವರೆಗೆ ನಾಲ್ಕನೇ ಇನಿಂಗ್ಸ್‌ನಲ್ಲಿ ನಾನೂರು ದಾಟಿ ಗೆದ್ದಿದ್ದು ಇಡೀ ಟೆಸ್ಟ್ ಇತಿಹಾಸದಲ್ಲಿ ಒಂದೇ ಸಲ, 1948ರಲ್ಲಿ ಬ್ರ್ಯಾಡ್‌ಮನ್ ತಂಡ. ಗಾವಸ್ಕರ್ 102, ಮೊಹಿಂದರ್ 85, ಭದ್ರಾವತಿಯ ನಮ್ಮ ವಿಶಿ, ಅಂದರೆ ಜಿ. ಆರ್. ವಿಶ್ವನಾಥ್ 112, ಆಮೇಲೆ ಬ್ರಿಜೇಶ್ ಪಟೇಲ್ ಔಟಾಗದೆ 49. ನಾಲ್ಕೇ ವಿಕೆಟ್ ಕಳೆದುಕೊಂಡು 406. ವೆಸ್ಟ್ ಇಂಡೀಸ್ ನಾಯಕ ಕ್ಲೈವ್ ಲಾಯ್ಡ್ ಆ ಪಂದ್ಯದಲ್ಲಿ ಮೂವರು ಸ್ಪಿನ್ನರ್‌ಗಳನ್ನು ನಂಬಿದ್ದರು. ಆ ಸೋಲಿನ ಸಿಟ್ಟಿನಲ್ಲೇ ಅವರು ಸ್ಪಿನ್ ಬಿಟ್ಟು ನಾಲ್ಕು ವೇಗದ ಬೌಲರ್‌ಗಳ ದಾರಿ ಹಿಡಿದರು ಅಂತ ಕ್ರಿಕೆಟ್ ಬಲ್ಲವರು ಹೇಳುತ್ತಾರೆ. ಅಂದರೆ ಮುಂದಿನ ಹದಿನೈದು ವರ್ಷ ಜಗತ್ತಿನ ಬ್ಯಾಟ್ಸ್‌ಮನ್‌ಗಳು ತಿಂದ ಪೆಟ್ಟಿನಲ್ಲಿ ನಮ್ಮ ವಿಶಿಯ ಪಾಲೂ ಸ್ವಲ್ಪ ಇದೆ ಅನ್ನಬಹುದು.

ನೋವಿನ ನೆನಪೂ ಇಲ್ಲೇ ಇದೆ. 2007ರ ವಿಶ್ವಕಪ್‌ನಲ್ಲಿ ದ್ರಾವಿಡ್ ತಂಡ ಮಾರ್ಚ್ 17ಕ್ಕೆ ಬಾಂಗ್ಲಾದೇಶದ ಎದುರು, 23ಕ್ಕೆ ಶ್ರೀಲಂಕಾ ಎದುರು ಸೋತು ಮೊದಲ ಸುತ್ತಲ್ಲೇ ಮನೆಗೆ ಬಂದದ್ದು ಇದೇ ಮೈದಾನದಿಂದ. ಅದನ್ನು ಬಿಡಿ.

ಪಂದ್ಯ ಇಲ್ಲದ ದಿನ ಗೇಟಿನಲ್ಲಿ ಕಾವಲು ಕೂತವರಿಗೆ ಮೊದಲು ಗುಡ್ ಮಾರ್ನಿಂಗ್ ಹೇಳಿ, ಭಾರತದಿಂದ ಬಂದಿದ್ದೇನೆ, ಹತ್ತು ನಿಮಿಷ ನೋಡಿ ಹೋಗುತ್ತೇನೆ ಅಂತ ಕೇಳಿ. ನನ್ನನ್ನು ಬಿಟ್ಟರು, 1976ರ ಬಗ್ಗೆ ನನಗಿಂತ ಜಾಸ್ತಿ ಅವರೇ ಮಾತಾಡಿದರು. ಪಂದ್ಯ ನೋಡಲೆಂದೇ ಹೋಗುವವರು ಟಿಕೆಟ್‌ನಲ್ಲಿ ಮೈದಾನದ ಹೆಸರು ಸರಿಯಾಗಿ ಓದಿ. ಬ್ರಯಾನ್ ಲಾರಾ ಸ್ಟೇಡಿಯಂ ಅಂತ ಇದ್ದರೆ ಅದು ಇಲ್ಲಲ್ಲ, ದಕ್ಷಿಣಕ್ಕೆ ಸ್ಯಾನ್ ಫರ್ನಾಂಡೋ ಹತ್ತಿರದ ತರೂಬಾದಲ್ಲಿದೆ.

ಓವಲ್ ಸುತ್ತಲಿನ ಓಣಿಗಳೇ ವುಡ್‌ಬ್ರೂಕ್. ಮರದ ಕುಸುರಿ ಕೆತ್ತನೆಯ ಸೂರಂಚು ಇರುವ ಹಳೆಯ ಪುಟ್ಟ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಇದು ಒಂದು ಕಾಲಕ್ಕೆ ಕಬ್ಬಿನ ತೋಟ. ಅಂಗೋಸ್ಟುರಾ ಬಿಟರ್ಸ್ ಅನ್ನುವ ಕಹಿ ಅರ್ಕದಿಂದ ಶ್ರೀಮಂತರಾದ ಸೀಗರ್ಟ್ ಮನೆತನದ್ದು. 1911ರಲ್ಲಿ ನಗರದವರು ಅದನ್ನು ಕೊಂಡುಕೊಂಡರು, ಆದರೆ ಮನೆಯ ಮಕ್ಕಳ ಹೆಸರುಗಳು ಬೀದಿಗೆ ಹಾಗೇ ಉಳಿದವು. ಕಾರ್ಲೋಸ್, ಲೂಯಿಸ್, ಆಲ್ಫ್ರೆಡೋ, ರೊಸಾಲಿನೋ, ಪೆಟ್ರಾ. ಜನವರಿ, ಫೆಬ್ರವರಿಯಲ್ಲಿ ಹೋದರೆ ರಾತ್ರಿ ಊಟ ಆದ ಮೇಲೆ ಹ್ಯಾಮಿಲ್ಟನ್ ಸ್ಟ್ರೀಟ್‌ನ ಫೇಸ್ ಟೂ ಅನ್ನುವ ವಾದ್ಯತಂಡದ ಪ್ಯಾನ್ ಯಾರ್ಡ್‌ಗೆ, ಅಂದರೆ ಅಭ್ಯಾಸದ ಅಂಗಳಕ್ಕೆ ಹೋಗಿ. ಎಣ್ಣೆ ಡ್ರಮ್ಮನ್ನು ತಟ್ಟಿ ತಟ್ಟಿ ಸ್ವರ ಬರುವಂತೆ ಮಾಡಿದ ಸ್ಟೀಲ್ ಪ್ಯಾನ್ ಹುಟ್ಟಿದ್ದೇ ಈ ಊರಲ್ಲಿ. ಕಾರ್ನಿವಲ್ ಸ್ಪರ್ಧೆಗೆ ನೂರರ ಹತ್ತಿರ ಜನ ಒಟ್ಟಿಗೆ ಅಭ್ಯಾಸ ಮಾಡುವಾಗ ನೆಲವೇ ನಡುಗುತ್ತದೆ. ವೇದಿಕೆಯ ಮೇಲಿನ ಪ್ರದರ್ಶನಕ್ಕಿಂತ ಈ ಅಭ್ಯಾಸವೇ ನನಗೆ ಇಷ್ಟ ಆಯಿತು.

ತೊರೆ ದಾಟಿದರೆ ದಿಲ್ಲಿ, ಮದ್ರಾಸ್, ಬಾಂಬೆ

ಟ್ರಾಗರೆಟ್ ರಸ್ತೆಯಲ್ಲಿ ಪಶ್ಚಿಮಕ್ಕೆ ಹತ್ತು ನಿಮಿಷ ನಡೆದರೆ ರಾಕ್ಸಿ ರೌಂಡ್‌ಅಬೌಟ್ ಸಿಗುತ್ತದೆ. ಹಿಂದೆ ಅಲ್ಲಿ ರಾಕ್ಸಿ ಅಂತ ಸಿನಿಮಾ ಟಾಕೀಸ್ ಇತ್ತು, ಟಾಕೀಸ್ ಹೋದರೂ ಹೆಸರು ಹೋಗಲಿಲ್ಲ. ಅಲ್ಲೇ ಕಾಂಕ್ರೀಟ್ ಕಾಲುವೆಯಂತಾಗಿರುವ ಮರವಾಲ್ ನದಿ ದಾಟಿದರೆ ಸೇಂಟ್ ಜೇಮ್ಸ್. ನದಿ ಅನ್ನಲು ನಾಚಿಕೆ ಆಗಬೇಕು, ನಮ್ಮ ವೃಷಭಾವತಿಯ ತಮ್ಮ.

ಇಲ್ಲಿಂದ ಮುಂದೆ ಬೀದಿ ಫಲಕ ಓದುತ್ತಾ ನಡೆಯಿರಿ. ಡೆಲ್ಲಿ ಸ್ಟ್ರೀಟ್, ಬಾಂಬೆ ಸ್ಟ್ರೀಟ್, ಮದ್ರಾಸ್ ಸ್ಟ್ರೀಟ್, ಕಲ್ಕತ್ತಾ, ಲಕ್ನೋ, ಬನಾರಸ್, ಆಗ್ರಾ, ಪಾಟ್ನಾ. ಬೆಂಗಳೂರು, ಮೈಸೂರು ಇದೆಯಾ ಅಂತ ನಾನು ಎರಡು ಸಂಜೆ ಹುಡುಕಿದೆ, ಸಿಗಲಿಲ್ಲ.

ಈ ಹೆಸರುಗಳು ಸುಮ್ನೆ ಬಂದದ್ದಲ್ಲ. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಕ್ಕೆ ಆಳು ಬೇಕಾಯಿತು. ಬ್ರಿಟಿಷರು ಭಾರತದಿಂದ ಕರಾರಿನ ಮೇಲೆ ಜನರನ್ನು ತಂದರು. ಮೊದಲ ಹಡಗು ಫತೇಲ್ ರಜಾಕ್ ಬಂದದ್ದು 1845ರ ಮೇ 30ಕ್ಕೆ, ಆ ದಿನ ಈಗಲೂ ಅಲ್ಲಿ ಸರ್ಕಾರಿ ರಜೆ. 1917ರ ತನಕ 1,40,000ಕ್ಕೂ ಹೆಚ್ಚು ಜನ ಬಂದರು. ಬಹುಪಾಲು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು, ಕಲ್ಕತ್ತಾದಿಂದ ಹಡಗು ಹತ್ತಿದವರು; ಮದ್ರಾಸಿನಿಂದ ಹತ್ತಿದವರೂ ಸ್ವಲ್ಪ ಇದ್ದರು. ಸೇಂಟ್ ಜೇಮ್ಸ್ ಆಗ ಪೆರು ಅನ್ನುವ ತೋಟ. ಕರಾರು ಮುಗಿದವರು ಇಲ್ಲೇ ಮನೆ ಕಟ್ಟಿಕೊಂಡರು. ಊರವರು ಅದನ್ನು ಕೂಲಿ ಟೌನ್ ಅಂತ ಕರೆದರು. ರಾಜಧಾನಿಗೆ ಇದನ್ನು ಸೇರಿಸಿದ್ದು 1938ರಲ್ಲಿ.

ಇಲ್ಲೊಂದು ಎಚ್ಚರಿಕೆ. ನಮಗೆ ಕೂಲಿ ಅಂದರೆ ದಿನದ ಸಂಬಳ, ಬಾಯಲ್ಲಿ ಸಲೀಸಾಗಿ ಬರುವ ಪದ. ಅಲ್ಲಿ ಅದು ಬೈಗುಳ. ತಮಾಷೆಗೂ ಆಡಬೇಡಿ. ಹಾಗೇ ಯಾರದೋ ಮುಖ ನೋಡಿ "ನೀವು ಇಂಡಿಯಾದಲ್ಲಿ ಯಾವ ಕಡೆಯವರು?" ಅಂತ ಕೇಳಬೇಡಿ. ಐದಾರು ತಲೆಮಾರಿನಿಂದ ಅಲ್ಲಿದ್ದಾರೆ, ಅವರು ಟ್ರಿನಿಡಾಡಿನವರು. ಹಿಂದಿ ಮಾತಾಡಿದರೆ ಅರ್ಥ ಆಗುತ್ತದೆ ಅಂದುಕೊಳ್ಳುವುದೂ ತಪ್ಪು. ಭೋಜಪುರಿಯಿಂದ ಉಳಿದಿರುವುದು ಹೆಚ್ಚಾಗಿ ಅಡುಗೆಮನೆ ಮಾತು: ಆಲೂ, ಬೈಗನ್, ಚನ್ನಾ, ಗೀರಾ, ತವಾ. ಅವರಾಗೇ ಮುತ್ತಜ್ಜನ ಹೆಸರು, ಹಡಗಿನ ಹೆಸರು ಹೇಳಿದರೆ ಕೂತು ಕೇಳಿ. ತುಂಬ ಜನ ಹೇಳುತ್ತಾರೆ.

ನೇಪಾಲ್ ಸ್ಟ್ರೀಟ್‌ನಲ್ಲಿ 26ನೇ ನಂಬರಿನ ಮನೆ ಹುಡುಕಿ. ನೊಬೆಲ್ ಬಂದ ವಿ. ಎಸ್. ನೈಪಾಲ್ ಹುಡುಗನಾಗಿದ್ದಾಗ ಇದ್ದ ಮನೆ, 1940ರ ದಶಕದಲ್ಲಿ ಅವರ ಅಪ್ಪ ಸಾಲ ಮಾಡಿ ಕೊಂಡದ್ದು. ಪತ್ರಕರ್ತನ ಸಂಬಳ, ಮನೆ ತುಂಬ ಮಕ್ಕಳು, ಸ್ವಂತದ್ದೊಂದು ಸೂರು ಬೇಕು ಅನ್ನುವ ಹಠ. ಆ ಹಠದಿಂದಲೇ ಮಗನ ದೊಡ್ಡ ಕಾದಂಬರಿ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಹುಟ್ಟಿದ್ದು. ಓದಿದವರು ಮನೆ ನೋಡಿದರೆ ಮೊದಲು ಅನ್ನಿಸುವುದು, ಇಷ್ಟು ಚಿಕ್ಕದಾ ಅಂತ. ಬೀದಿಯಲ್ಲಿ ನಿಂತು ನೋಡಿದರೂ ಸಾಕು. ಅಕ್ಕಪಕ್ಕ ಜನ ವಾಸ ಮಾಡುವ ಮನೆಗಳಿವೆ, ಅವರ ಕಿಟಕಿಗೆ ಕ್ಯಾಮೆರಾ ಹಿಡಿಯಬೇಡಿ. 1950ರಲ್ಲಿ ಆ ಹುಡುಗ ಸ್ಕಾಲರ್‌ಶಿಪ್ ಹಿಡಿದು ಇಂಗ್ಲೆಂಡಿಗೆ ಹೋದ.

ಕೆಲವು ಮನೆಗಳ ಮುಂದೆ ಬಿದಿರು ಗಳಕ್ಕೆ ಕಟ್ಟಿದ ಕೆಂಪು, ಹಳದಿ, ಬಿಳಿ ಬಾವುಟ ಕಾಣುತ್ತದೆ. ಅದು ಝಂಡಿ. ಪೂಜೆ ಆದ ಮೇಲೆ ಆಯಾ ದೇವರ ಬಣ್ಣದ್ದು ನೆಡುತ್ತಾರೆ, ಗಾಳಿಗೆ ಹರಿದು ಹೋಗುವ ತನಕ ತೆಗೆಯುವುದಿಲ್ಲ. ಎಥೆಲ್ ಸ್ಟ್ರೀಟ್‌ನಲ್ಲಿ ದೇವಸ್ಥಾನ ಇದೆ, ಹೆಸರು ಪಶ್ಚಿಮ ಕಾಶಿ. ಕಾಶಿಯಿಂದ ಇಷ್ಟು ಪಶ್ಚಿಮಕ್ಕೆ ಬಂದವರು ಇಟ್ಟ ಹೆಸರು ಎಷ್ಟು ಸರಿಯಾಗಿದೆ ನೋಡಿ.

ಹೊಟ್ಟೆಗೆ

ಇದೇ ಮುಖ್ಯ ಭಾಗ.

ಬೆಳಿಗ್ಗೆ ಡಬಲ್ಸ್. ಅರಿಸಿನ ಹಾಕಿದ ಮೆತ್ತನೆಯ ಕರಿದ ಬಾರಾ ಎರಡು, ನಡುವೆ ಕಡಲೆಕಾಳಿನ ಪಲ್ಯದಂಥದ್ದು, ಮೇಲೆ ಹುಣಸೆ ಚಟ್ನಿ, ಸೌತೆಕಾಯಿ, ಮೆಣಸಿನ ಸಾಸ್. 1930ರ ದಶಕದಲ್ಲಿ ಪ್ರಿನ್ಸಸ್ ಟೌನ್ ಅನ್ನುವ ಊರಲ್ಲಿ ದೀನ್ ಎಂಬ ಮನೆತನದವರು ಶುರು ಮಾಡಿದ್ದು, ಗಿರಾಕಿಗಳು ಒಂದು ಬಾರಾ ಸಾಲದು ಎರಡು ಹಾಕು ಅಂದದ್ದಕ್ಕೆ ಈ ಹೆಸರು ಬಂತು. ಗಾಡಿಯ ಮುಂದೆ ಕ್ಯೂ ಇರುವುದಿಲ್ಲ, ಗುಂಪು ಇರುತ್ತದೆ, ಆದರೆ ಮಾರುವವರಿಗೆ ಯಾರು ಮೊದಲು ಬಂದರು ಅಂತ ಪಕ್ಕಾ ನೆನಪು. ಕೇಳುವುದು ಹೀಗೆ: ಎಷ್ಟು, ಎಷ್ಟು ಖಾರ. "ಟೂ, ಸ್ಲೈಟ್" ಅಂದರೆ ಎರಡು, ಕಡಿಮೆ ಖಾರ. ನಾವು ಬ್ಯಾಡಗಿ, ಗುಂಟೂರು ತಿಂದವರು, ನಮಗೇನು ಅಂತ ನಾನು ಮೊದಲ ದಿನ ಜಾಸ್ತಿ ಖಾರ ಹಾಕಿಸಿಕೊಂಡೆ. ಅವರ ಮೆಣಸಿನಕಾಯಿ ಜಾತಿಯೇ ಬೇರೆ. ಕಣ್ಣು, ಮೂಗು, ಕಿವಿ ಎಲ್ಲಾ ಕಡೆಯಿಂದ ಹೊಗೆ. ಸ್ಲೈಟ್ ಸಾಕು ಸ್ವಾಮಿ. ಕಾಗದದ ಮೇಲೆ ಕೊಡುತ್ತಾರೆ, ನಿಂತೇ ತಿನ್ನುವುದು, ಒಂದು ಬಾರಾ ಹರಿದು ಅದರಲ್ಲೇ ಕಾಳು ಎತ್ತಿಕೊಳ್ಳಬೇಕು. ಹತ್ತು ಗಂಟೆ ಮೇಲೆ ಹೋದರೆ ಒಳ್ಳೆಯ ಗಾಡಿಗಳಲ್ಲಿ ಖಾಲಿ ಆಗಿರುತ್ತದೆ.

ಅದೇ ಗಾಡಿಗಳಲ್ಲಿ ಸಾಹೀನಾ ಇದ್ದರೆ ಬಿಡಬೇಡಿ. ಕೆಸುವಿನ ಎಲೆಗೆ ಬೇಳೆ ಹಿಟ್ಟು ಸವರಿ, ಸುರುಳಿ ಸುತ್ತಿ, ಕತ್ತರಿಸಿ ಕರಿದದ್ದು. ನನ್ನ ಹೆಂಡತಿ ಮಂಗಳೂರು ಕಡೆಯವಳು, ಫೋಟೋ ಕಳಿಸಿದೆ, "ಪತ್ರೊಡೆಯನ್ನು ಯಾರ್ರೀ ಎಣ್ಣೆಗೆ ಹಾಕಿದ್ದು?" ಅಂತ ಉತ್ತರ ಬಂತು.

ಮಧ್ಯಾಹ್ನ ರೊಟ್ಟಿ. ಅವರು ರೋಟಿ ಅನ್ನುತ್ತಾರೆ, ಆದರೆ ಅದರಲ್ಲಿ ಬಗೆ ಇದೆ. ಧಾಲ್‌ಪುರಿ ಅಂದರೆ ಬೇಳೆ ಬೇಯಿಸಿ, ಜೀರಿಗೆ ಹಾಕಿ ಪುಡಿ ಮಾಡಿ ತುಂಬಿದ ತೆಳ್ಳಗಿನ ದೊಡ್ಡ ರೊಟ್ಟಿ. ಬೆಲ್ಲ ಮರೆತ ಬೇಳೆ ಹೋಳಿಗೆ ಅಂದುಕೊಳ್ಳಿ. ಅದರೊಳಗೆ ಪಲ್ಯ ಇಟ್ಟು ಪೊಟ್ಟಣದ ಹಾಗೆ ಮಡಚಿ ಕೊಡುತ್ತಾರೆ. ಇನ್ನೊಂದು ಬಸ್-ಅಪ್-ಶಟ್. ಪದರ ಪದರದ ಪರಾಠವನ್ನು ತವಾ ಮೇಲೆಯೇ ಬಡಿದು ಚಿಂದಿ ಮಾಡುತ್ತಾರೆ, ಹರಿದ ಅಂಗಿಯ ಹಾಗೆ ಕಾಣುತ್ತದೆ, ಅದಕ್ಕೇ ಆ ಹೆಸರು. ಬೆಳಿಗ್ಗೆ ಸಿಗುವ ಸಾದಾ ರೋಟಿ ಮತ್ತು ಬೈಗನ್ ಚೋಕಾ ಅಂದರೆ ಪಕ್ಕಾ ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ಬಂಧು.

ಸಸ್ಯಾಹಾರಿಗಳು ಉಪವಾಸ ಬೀಳುವ ಊರಲ್ಲ ಇದು. ರೊಟ್ಟಿ ಅಂಗಡಿಯಲ್ಲಿ ಚನ್ನಾ-ಆಲೂ, ಕುಂಬಳಕಾಯಿ, ಬೋಡಿ ಅಂದರೆ ನಮ್ಮ ಉದ್ದನೆಯ ಅಲಸಂದೆಕಾಯಿ, ಭಾಜಿ, ಎಲ್ಲಾ ಕೇಳಿ ಹಾಕಿಸಿಕೊಳ್ಳಬಹುದು. ರಾಸ್ತಫಾರಿ ಪಂಥದವರ ಇಟಲ್ ಊಟ ಮಾಂಸ ಇಲ್ಲದ್ದು. ಮೋಸ ಹೋಗುವುದು ಬೇರೆ ಕಡೆ. ಕೆಸುವಿನ ಎಲೆ, ಬೆಂಡೆಕಾಯಿ, ತೆಂಗಿನಹಾಲಿನ ಕಲಾಲೂ ನೋಡಲು ಸೊಪ್ಪಿನ ಸಾರು, ಒಳಗೆ ಏಡಿ ಇರುತ್ತದೆ. ರಾತ್ರಿ ಬೀದಿಯಲ್ಲಿ ಕುದಿಯುವ ಜೋಳದ ಸೂಪಿನಲ್ಲಿ ಕೆಲವರು ಉಪ್ಪು ಹಾಕಿಟ್ಟ ಹಂದಿ ಬಾಲ ಹಾಕುತ್ತಾರೆ. ಬಾಯಿ ಬಿಟ್ಟು ಕೇಳಿ.

ಕುಡಿಯಲು ಮಾಬಿ ಅಂತ ಒಂದಿದೆ, ಮರದ ತೊಗಟೆ ಕುದಿಸಿ ಮಾಡಿದ ಕಹಿ ಶರಬತ್ತು. ಕಷಾಯ ಕುಡಿದು ಬೆಳೆದವರಿಗೆ ಪರವಾಗಿಲ್ಲ.

ಕತ್ತಲಾದ ಮೇಲೆ

ಸೇಂಟ್ ಜೇಮ್ಸ್‌ನ ನಡುವೆ ಹಾದು ಹೋಗುವ ವೆಸ್ಟರ್ನ್ ಮೇನ್ ರೋಡ್ ರಾತ್ರಿ ಮಲಗುವುದಿಲ್ಲ ಅಂತ ಹೆಸರು. ಬಾರ್, ಊಟದ ಗಾಡಿ, ಸ್ಪೀಕರ್, ಫುಟ್‌ಪಾತ್ ಮೇಲೆ ಕುರ್ಚಿ. ಜನ ಬರುವುದು ಕುಡಿಯಲು ಅನ್ನುವುದಕ್ಕಿಂತ ಲೈಮ್ ಮಾಡಲು. ಲೈಮಿಂಗ್ ಅಂದರೆ ಏನೂ ಕೆಲಸ ಇಲ್ಲದೆ ಕೂತು ಹರಟುವುದು, ನಮ್ಮ ಅರಳಿ ಕಟ್ಟೆ ಪುರಾಣ. ಅದಕ್ಕೆ ಸಮಯ, ಕಾರಣ ಏನೂ ಬೇಕಿಲ್ಲ. ಪಕ್ಕದ ಮೇಜಿನವರು ಮಾತಿಗೆ ಎಳೆದರೆ ಹೋಗಿ ಕೂರಿ, ಕ್ರಿಕೆಟ್ ತೆಗೆದರೆ ಗಂಟೆ ಓಡುತ್ತದೆ. ಸ್ವಲ್ಪ ಠೀವಿಯ ಜಾಗ ಬೇಕಾದವರು ವುಡ್‌ಬ್ರೂಕ್‌ನ ಅರಿಯಪಿಟಾ ಅವೆನ್ಯೂಗೆ ಹೋಗಬಹುದು. ನನಗೆ ಅದು ಇಂದಿರಾನಗರದ ಹಾಗೆ ಕಂಡಿತು, ಬಿಟ್ಟು ಬಂದೆ.

ಇನ್ನು ಭಯದ ವಿಷಯ. ಮುಚ್ಚಿಟ್ಟು ಪ್ರಯೋಜನ ಇಲ್ಲ, ಟ್ರಿನಿಡಾಡ್‌ನಲ್ಲಿ ಗ್ಯಾಂಗ್ ಗಲಾಟೆ, ಗುಂಡಿನ ದಾಳಿ ಜಾಸ್ತಿ. 2024ರ ಡಿಸೆಂಬರ್ ಕೊನೆಯಲ್ಲಿ ಸರ್ಕಾರ ತುರ್ತು ಪರಿಸ್ಥಿತಿಯನ್ನೇ ಹೇರಿತ್ತು, 2025ರಲ್ಲಿ ಮತ್ತೆ ಹೇರಿತು. ಹೊರಡುವ ವಾರ ಸುದ್ದಿ ನೋಡಿ. ಊರಿನ ಪೂರ್ವದ ಲಾವೆಂಟಿಲ್, ಬೀಥಮ್, ಸೀ ಲಾಟ್ಸ್ ಕಡೆ ಹೋಗಲೇಬೇಡಿ. ಸೇಂಟ್ ಜೇಮ್ಸ್ ದಾಟಿ ಪಶ್ಚಿಮಕ್ಕೆ ಹೋದರೆ ಕೊಕೊರೀಟ್, ಅಲ್ಲಿಗೆ ನಡಿಗೆ ಮುಂದುವರಿಸಬೇಡಿ. ಕತ್ತಲಾದ ಮೇಲೆ ಸವಾನಾ ಅನ್ನುವ ಊರಿನ ದೊಡ್ಡ ಮೈದಾನದ ಒಳಗೆ ಅಡ್ಡ ಹಾಯಬೇಡಿ. ಮುಖ್ಯ ರಸ್ತೆಯಲ್ಲಿ ಜನ ಇರುವ ಕಡೆ ಇರಿ, ಅಡ್ಡ ಓಣಿಗೆ ರಾತ್ರಿ ಹೋಗಬೇಡಿ, ಚಿನ್ನದ ಸರ ಮನೆಯಲ್ಲೇ ಬಿಡಿ, ವಾಪಸ್ ಬರಲು ಗೊತ್ತಿರುವ ಟ್ಯಾಕ್ಸಿಯವರ ನಂಬರ್ ಇಟ್ಟುಕೊಳ್ಳಿ. ಗೆಸ್ಟ್‌ಹೌಸ್‌ನವರೇ ಕೊಡುತ್ತಾರೆ.

ಹೊಸೇ ಸಿಕ್ಕರೆ ನಿಮ್ಮ ಅದೃಷ್ಟ

ಮೊಹರಂ ಸಮಯಕ್ಕೆ ಹೋಗಲು ಸಾಧ್ಯ ಆದರೆ ಮಿಕ್ಕಿದ್ದೆಲ್ಲ ಬಿಟ್ಟು ಆಗಲೇ ಹೋಗಿ. ಹುಸೇನ್ ಹೆಸರು ಅಲ್ಲಿಯ ಬಾಯಲ್ಲಿ ಹೊಸೇ ಆಗಿದೆ. ಚಂದ್ರಮಾನ ಲೆಕ್ಕ, ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಹಾಗಾಗಿ ತಾರೀಕು ನೋಡಿಕೊಂಡೇ ಟಿಕೆಟ್ ಮಾಡಿಸಿ. ಮೊದಲ ರಾತ್ರಿ ಬಾವುಟ, ಮಾರನೆಯ ರಾತ್ರಿ ಚಿಕ್ಕ ಹೊಸೇ, ಅದರ ಮಾರನೆಯ ರಾತ್ರಿ ದೊಡ್ಡ ಹೊಸೇ, ಆಮೇಲೆ ಹಗಲು ಮೆರವಣಿಗೆ. ಬಿದಿರು, ಬಣ್ಣದ ಕಾಗದದಲ್ಲಿ ಕಟ್ಟಿದ ಎರಡಾಳೆತ್ತರದ ತಾಜಾಗಳು, ಅಂದರೆ ನಮ್ಮ ಕಡೆಯ ತಾಬೂತಿನಂಥವು, ವೆಸ್ಟರ್ನ್ ಮೇನ್ ರೋಡ್‌ಗೆ ಬರುತ್ತವೆ. ವಾರಗಟ್ಟಲೆ ಹಿತ್ತಲಲ್ಲಿ ಮುಚ್ಚಿಟ್ಟು ಕಟ್ಟುತ್ತಾರೆ, ಕಟ್ಟುವವರು ಮಾಂಸ, ಹೆಂಡ ಮುಟ್ಟುವುದಿಲ್ಲ. ಎಲ್ಲಾ ಮುಗಿದ ಮೇಲೆ ಅವು ನೀರಿಗೆ ಹೋಗುತ್ತವೆ. ಜೊತೆಗೆ ಎರಡು ದೊಡ್ಡ ಅರ್ಧಚಂದ್ರ, ಒಂದು ಕೆಂಪು, ಒಂದು ಹಸಿರು. ಭಾರದ ಚಂದ್ರನನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ಕುಣಿಯುತ್ತಾನೆ. ಎರಡೂ ಎದುರುಬದುರಾಗಿ ಒಂದಕ್ಕೊಂದು ತಾಗುವ ಗಳಿಗೆಗೆ ಜನ ಉಸಿರು ಹಿಡಿದು ಕಾಯುತ್ತಾರೆ.

ತಾಸೆ ಅನ್ನುವ ಚರ್ಮವಾದ್ಯ ಬಾರಿಸುವವರ ಹತ್ತಿರ ನಿಲ್ಲಿ. ರಸ್ತೆ ಬದಿ ಬೆಂಕಿ ಹಾಕಿ ಚರ್ಮ ಬಿಗಿ ಮಾಡಲು ತಾಸೆ ಕಾಯಿಸುತ್ತಾರೆ, ನಮ್ಮ ತಮಟೆಯವರು ಮಾಡುವ ಹಾಗೇ. ಹೊಡೆಯುವವರಲ್ಲಿ ಮುಸ್ಲಿಮರು, ಹಿಂದೂಗಳು, ಆಫ್ರಿಕಾ ಮೂಲದವರು ಎಲ್ಲರೂ ಇರುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಯ ಅಲಾಯಿ ಹಬ್ಬ ನೋಡಿದವರಿಗೆ ಇದು ಹೊಸದಲ್ಲ, ಮುಸ್ಲಿಮರ ಮನೆಯೇ ಇಲ್ಲದ ಊರಲ್ಲೂ ನಾವು ಡೋಲಿ ಎತ್ತುತ್ತೇವಲ್ಲ. 1884ರ ಅಕ್ಟೋಬರ್ 30ರಂದು ಸ್ಯಾನ್ ಫರ್ನಾಂಡೋದಲ್ಲಿ ಇದೇ ಮೆರವಣಿಗೆ ತಡೆಯಲು ಬ್ರಿಟಿಷ್ ಸರ್ಕಾರ ಗುಂಡು ಹಾರಿಸಿ ಹಲವರನ್ನು ಕೊಂದಿತ್ತು. ಶೋಕದ ಆಚರಣೆ ಇದು, ಕಾರ್ನಿವಲ್ ಅಲ್ಲ. ನೋಡಲು ಬಂದವರಲ್ಲಿ ಕೆಲವರು ಬಾಟಲಿ ಹಿಡಿದು ಓಡಾಡುತ್ತಾರೆ, ತಾಜಾ ಕಟ್ಟಿದ ಮನೆಯವರಿಗೆ ಅದು ಬೇಸರ. ನಾವಾದರೂ ಹಿಡಿಯುವುದು ಬೇಡ.

ಸಮಯ ಉಳಿದರೆ

ಸೇಂಟ್ ಜೇಮ್ಸ್ ಹಿಂದಿನ ಗುಡ್ಡದ ಮೇಲೆ ಫೋರ್ಟ್ ಜಾರ್ಜ್ ಇದೆ. 1804ರದ್ದು, ಯುದ್ಧ ನೋಡದ ಕೋಟೆ. ಮೇಲಿರುವ ಮರದ ಪುಟ್ಟ ಸಿಗ್ನಲ್ ಮನೆಯ ನಕ್ಷೆ ಮಾಡಿದ್ದು ಕೋಫಿ ನ್ಟಿ ಅನ್ನುವ ಪಶ್ಚಿಮ ಆಫ್ರಿಕಾದ ಅಶಾಂಟಿ ರಾಜಕುಮಾರ, 1883ರಲ್ಲಿ. ಇಡೀ ಊರು, ಬಂದರು, ಕೊಲ್ಲಿ ಕಾಣುತ್ತದೆ. ದಾರಿ ನಿರ್ಜನ, ಹಗಲಲ್ಲಿ, ಕಾರಿನಲ್ಲಿ, ಜೊತೆ ಇದ್ದರೆ ಮಾತ್ರ ಹೋಗಿ.

ಸವಾನಾ ಮೈದಾನದ ಪಶ್ಚಿಮ ಅಂಚಿನಲ್ಲಿ ಏಳು ಹಳೆಯ ಭವ್ಯ ಕಟ್ಟಡಗಳ ಸಾಲಿದೆ, ಅದರಲ್ಲಿ ಗಡಿಯಾರದ ಗೋಪುರ ಇರುವುದು ನೈಪಾಲ್ ಓದಿದ ಕ್ವೀನ್ಸ್ ರಾಯಲ್ ಕಾಲೇಜು. ನೋಡಿ, ಫೋಟೋ ತೆಗೆಯಿರಿ, ಅಲ್ಲೇ ಒಂದು ಎಳನೀರು ಕುಡಿಯಿರಿ. ಗಂಜಿ ತೆಗೆದು ಕೊಡು ಅಂದರೆ ಕೊಡುತ್ತಾರೆ, ಅವರು ಅದನ್ನು ಜೆಲ್ಲಿ ಅನ್ನುತ್ತಾರೆ.

ವಾಪಸ್ ಹೊರಡುವ ದಿನ ಹಳದಿ ಜ್ವರದ ಕಾರ್ಡ್ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಗೆ ಹಾಕಬೇಡಿ. ಏರ್‌ಪೋರ್ಟ್ ಹತ್ತಿರವೂ ಡಬಲ್ಸ್ ಮಾರುತ್ತಾರೆ, ಚೆಕ್-ಇನ್‌ಗೆ ಮುಂಚೆ ಅಲ್ಲೇ ನಿಂತು ತಿಂದುಬಿಡಿ. ಮನೆಯವರಿಗೆ ಅಂತ ನಾನು ನಾಲ್ಕು ಕಟ್ಟಿಸಿಕೊಂಡಿದ್ದೆ. ಲಂಡನ್ ತಲುಪುವ ಹೊತ್ತಿಗೆ ಕಾಗದ ಯಾವುದು, ಬಾರಾ ಯಾವುದು ಗೊತ್ತಾಗಲಿಲ್ಲ.